ದಂಡೆ ಜಟ್ಟಿಯ ಹೋಕಾ ಪೆಟ್ಟಿಗೆ

ಬೇಲೇಕೇರಿಯಲ್ಲಿ ಆಗ ಜಟ್ಟಿ ಎಂಬ ಹೆಸರಿನವರು ಮೂವರು. ಉದ್ದ ಜಟ್ಟಿ, ಭಜನೆ ಜಟ್ಟಿ, ದಂಡೆ ಜಟ್ಟಿ. ಮೊದಲಿನ ಇಬ್ಬರ ಹೆಸರಿಗೆ ವಿವರಣೆ ಬೇಕಿಲ್ಲ. ಮೂರನೆಯವನು ಹರಿಕಂತ್ರರ ಮನೆಯಲ್ಲಿ ಹುಟ್ಟಿಯೂ ದಂಡೆ ಬಿಟ್ಟು ನೀರಿಗೆ ಇಳಿಯುತ್ತಿರಲಿಲ್ಲವಲ್ಲ, ಅದಕ್ಕೇ ದಂಡೆ ಜಟ್ಟಿ. ಮೀನು ಹಿಡಿಯುವವರ ಕೇರಿಯಲ್ಲಿ ಇಂಥ ಹೆಸರು ಹೊತ್ತು ಬದುಕುವುದೆಂದರೆ ಸುಮ್ಮನೆ ಮಾತಲ್ಲ. ಹೆಂಗಸರು ತಲೆಯ ಬುಟ್ಟಿ ಇಳಿಸಿಕೊಂಡು ನಗುವರು, ಮಕ್ಕಳು ಸಣ್ಣ ಅಲೆ ಬಂದರೂ "ಜಟ್ಟಣ್ಣಾ, ಕಾಲೆತ್ತೋ!" ಎಂದು ಕೂಗುವರು. ಅವನು ಕೇಳಿಸದವನಂತೆ ನಡೆದುಬಿಡುತ್ತಿದ್ದ. ಕೇಳಿಸುತ್ತಿತ್ತು, ಚೆನ್ನಾಗಿಯೇ ಕೇಳಿಸುತ್ತಿತ್ತು.

ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ, ಒಂದು ಮಧ್ಯಾಹ್ನ, ಅವನಿದ್ದ ದೋಣಿಯ ಮೇಲೆ ಮೋಡ ಇಳಿದು ಎದುರಿನ ಕೈ ಕಾಣದಂತಾಯಿತು. ದಂಡೆ ಯಾವ ಕಡೆ ಎಂದು ನಾಲ್ವರೂ ನಾಲ್ಕು ಮಾತು ಹೇಳಿದರು. ಕೊನೆಗೆ ಒಂದು ಕಡೆ ಇದ್ದ ಶಕ್ತಿಯೆಲ್ಲ ಬಿಟ್ಟು ಹುಟ್ಟು ಹಾಕಿದರು. ಆ ಕಡೆ ಇದ್ದದ್ದು ದಂಡೆಯಲ್ಲ, ಹೊರಸಮುದ್ರ. ದೋಣಿ ಮಗುಚಿತು. ಮೂವರು ಅದರ ಬೆನ್ನು ತಬ್ಬಿಕೊಂಡು ಬದುಕಿದರು. ಚಿಕ್ಕಪ್ಪನ ಮಗ ಮಾದು ಬದುಕಲಿಲ್ಲ. ಅವನ ಅಂಗಿಯ ತುದಿ ಜಟ್ಟಿಯ ಕೈಯಲ್ಲಿ ಸಿಕ್ಕಿತ್ತು, ಆಮೇಲೆ ಅಂಗಿಯೂ ಇರಲಿಲ್ಲ. ಆ ಬೆರಳುಗಳಿಗೆ ಇಡೀ ಊರು ಸೇರಿ ಧೈರ್ಯ ಹೇಳಿದರೂ ಅವು ಮತ್ತೆ ಹುಟ್ಟು ಹಿಡಿಯಲಿಲ್ಲ.

ಆದರೆ ಅವೇ ಬೆರಳುಗಳಿಗೆ ಬೇರೆ ಒಂದು ಗುಣವಿತ್ತು. ದೋಣಿಯ ಹಲಗೆಗಳ ಸಂದಿಗೆ ಹತ್ತಿ ತುರುಕಿ ಬಡಿಯುವ ಕೆಲಸದಲ್ಲಿ ಜಟ್ಟಿಯ ಕೈ ಹತ್ತಿದ ದೋಣಿ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಕದ್ವಾಡದ ಮಾಬ್ಲೇಶ್ವರ ಮೇಸ್ತರು ಅದನ್ನು ಒಮ್ಮೆ ನೋಡಿದವರು, "ನೀರು ಬ್ಯಾಡಾದ್ರೆ ಬ್ಯಾಡ, ನನ್ನ ಹತ್ರ ಬಾ" ಎಂದು ಕರೆದುಕೊಂಡು ಹೋದರು. ಮೇಸ್ತರು ಗೋವೆಯ ಕಡೆಯ ದೊಡ್ಡ ಮನೆಗಳಿಗೆ ಪೆಟ್ಟಿಗೆ, ಕಪಾಟು ಮಾಡಿಕೊಡುವವರು. ಬೀಟೆಯ ಕಪ್ಪು ಹಲಗೆಯಲ್ಲಿ ನೂಲಿನಷ್ಟು ಸಪೂರದ ಕಾಲುವೆ ತೋಡಿ, ಅದರೊಳಗೆ ಹಲಸಿನ ಮರದ ಹಳದಿ ಎಳೆಯನ್ನು ಸರೇಸಿನ ಅಂಟು ಸವರಿ ಕೂರಿಸುವುದು. ಎಳೆಗಳು ಕೂಡುವ ಕಡೆ, ಮೂಲೆಗಳಲ್ಲಿ, ಹಿತ್ತಾಳೆಯ ಚುಕ್ಕಿ, ಹೂವು ಬಡಿಯುವುದು. ಅವರ ಬಾಯಲ್ಲಿ ಅದು ಎಳೆ ಕೆಲಸ. ಸಂದಿ ತುಂಬಿ ಬಲ್ಲವನಿಗೆ ಅದು ಬೇಗ ಒಲಿಯಿತು. ನಾಲ್ಕು ವರ್ಷಕ್ಕೆ ಜಟ್ಟಿ ಕೂರಿಸಿದ ಎಳೆಯ ಮೇಲೆ ಕಣ್ಣು ಮುಚ್ಚಿ ಬೆರಳು ಎಳೆದರೆ ಎಲ್ಲಿ ಬೀಟೆ ಮುಗಿದು ಎಲ್ಲಿ ಹಲಸು ಶುರುವಾಯಿತು ಎಂದು ಮೇಸ್ತರಿಗೂ ತಿಳಿಯುತ್ತಿರಲಿಲ್ಲ.

ಕಲಿತದ್ದೇನೋ ಕಲಿತ. ಊರಿಗೆ ಬಂದು ಮನೆಯ ಪಕ್ಕ ಮಾಡು ಇಳಿಸಿ ಕೆಲಸಕ್ಕೆ ಕೂತರೆ, ಬೇಲೇಕೇರಿಯಲ್ಲಿ ಎಳೆ ಕೆಲಸದ ಪೆಟ್ಟಿಗೆ ಯಾರಿಗೆ ಬೇಕು? ಒಬ್ಬ ಬಾಗಿಲಿನ ಅಗುಳಿ ಮಾಡಿಕೊಡೆಂದ, ಇನ್ನೊಬ್ಬಳು ಮೀನು ಕೊಯ್ಯುವ ಮಣೆ ಸರಿಮಾಡಲು ತಂದುಕೊಟ್ಟಳು. ಎರಡು ವರ್ಷ ಹೀಗೇ ಹೋಯಿತು. ಹೆಂಡತಿ ಗಂಗಿ ಮೀನು ಒಣಗಿಸಿ ಅಂಕೋಲೆಯ ಸಂತೆಗೆ ಹೊತ್ತು ಮನೆ ನಡೆಸುತ್ತಿದ್ದಳು. ಅವಳು ಒಂದು ಮಾತು ಆಡಲಿಲ್ಲ. ಆಡಿದ್ದು ಅವಳ ಅಣ್ಣ ಬೀರಾ. ಬೀರಾ ಕೆಟ್ಟವನಲ್ಲ, ಆದರೆ ಬಾಯಿ ಮಾತ್ರ ದೇವರು ಮುಚ್ಚಳ ಮಾಡದೆ ಕಳಿಸಿದ ಬಾಯಿ.

"ಭಾವಾ, ನನ್ನ ದೋಣಿಯಾಗೆ ಒಂದು ಜಾಗ ಖಾಲಿ ಅದೆ," ಎಂದ ಒಂದು ದಿನ, ಅಂಗಳದಲ್ಲಿ ನಿಂತು, ಕೇರಿಗೆಲ್ಲ ಕೇಳುವಂತೆ. "ತಂಗಿ ತಲೆ ಮೇಲೆ ಬುಟ್ಟಿ, ನಿನ್ನ ಕೈಯಾಗೆ ಉಳಿ. ಎಷ್ಟು ದಿನ ಹಿಂಗೆ? ನೂಲ ಹುಣ್ಣಿಮೆವರೆಗೆ ನೋಡ್ತೆ. ಅಷ್ಟರೊಳಗೆ ನಿನ್ನ ಕೆಲಸ ಬೇಕು ಅನ್ನೋ ಒಬ್ಬ ಗಿರಾಕಿ ಎದ್ದು ನಿಂತ್ರೆ ಸರಿ. ಇಲ್ಲಾಂದ್ರೆ ಸಮುದ್ರಕ್ಕೆ ಕಾಯಿ ಬಿಟ್ಟ ದಿನವೇ ನೀ ನನ್ನ ದೋಣಿ ಹತ್ಬೇಕು. ಮಾತು ಕೊಡು."

ಮಾತು ಕೊಡದೆ ಬೇರೆ ದಾರಿ ಇರಲಿಲ್ಲ. ಜಟ್ಟಿ ಕೊಟ್ಟ. ಹುಣ್ಣಿಮೆಗೆ ನಾಲ್ಕು ತಿಂಗಳಿತ್ತು.

ಗಿರಾಕಿ ಬಂದದ್ದು ಮಳೆಗಾಲಕ್ಕೆ ಸ್ವಲ್ಪ ಮುಂಚೆ. ತುಳಸಿದಾಸ ತಾಂಡೇಲರೆಂದರೆ ಕಾರವಾರದಿಂದ ಮುಂಬಯಿಯವರೆಗೆ ಮಚವೆ ಓಡಿಸುವವರು. ಹಂಚು, ಸೌದೆ, ತೆಂಗಿನಕಾಯಿ ತುಂಬಿ ಹೋಗುವ ದೊಡ್ಡ ಹಾಯಿ ಹಡಗು ಅವರದು. ಮಳೆಗಾಲಕ್ಕೆ ಅದನ್ನು ಬೇಲೇಕೇರಿಯ ದಂಡೆಗೆ ಎಳೆದು ತೆಂಗಿನ ಗರಿ ಹೊದೆಸಿದ್ದರು. ಅವರ ಹೋಕಾಯಂತ್ರದ, ಅಂದರೆ ದಿಕ್ಕು ತೋರಿಸುವ ಸೂಜಿಯ ಬಟ್ಟಲಿನ, ಮರದ ಪೆಟ್ಟಿಗೆ ಕೊಳೆತು ಉದುರಿತ್ತು. ಹೋಕಾ ಅವರ ಅಪ್ಪನ ಕಾಲದ್ದು. ಅದನ್ನು ಪಂಚೆಯಲ್ಲಿ ಸುತ್ತಿ ಹಸುಗೂಸಿನಂತೆ ಎತ್ತಿಕೊಂಡು ಬಂದರು.

"ಮೇಸ್ತರು ನಿನ್ನ ಹೆಸರು ಹೇಳಿದ್ರು. ಕಬ್ಬಿಣದ ಒಂದು ಮೊಳೆಯೂ ಇರಬಾರ್ದು, ಸೂಜಿ ಕೆಡ್ತದೆ. ಎದುರಿನ ಹಲಗೆ ಮೇಲೆ ಒಂದು ಎಳೆ ನೆಟ್ಟಗೆ ಬೇಕು. ಆ ಎಳೆ ಮಚವೆಯ ಮೂತಿಗೆ ಸರಿಯಾಗಿ ನಿಲ್ಬೇಕು. ಅದನ್ನ ನೋಡಿಯೇ ನಾ ಚುಕ್ಕಾಣಿ ಹಿಡಿಯೂದು. ಎಳೆ ಒಂದು ಕೂದಲು ಓರೆಯಾದ್ರೆ ಮುಂಬಯಿಗೆ ಹೊರಟವ ಅರಬರ ಊರಿಗೆ ಹೋಗ್ತೆ, ತಿಳೀತಾ?"

"ತಿಳೀತು ತಾಂಡೇಲರೆ," ಎಂದ ಜಟ್ಟಿ. ಚಂದಕ್ಕಾಗಿ ಕೂರಿಸುತ್ತಿದ್ದ ಎಳೆಯನ್ನು ನಂಬಿ ಮಚವೆಯ ಹದಿನಾಲ್ಕು ಜನ ಸಮುದ್ರಕ್ಕೆ ಹೋಗುತ್ತಾರೆ ಎಂದರೆ ಸಣ್ಣ ಮಾತೇ?

ಪೆಟ್ಟಿಗೆ ಮಾಡಿದ, ಹೇಗೆ ಮಾಡಿದ ಅಂತೀರಿ! ಮೊಳೆಯ ಬದಲು ಮರದ ಗೂಟ. ಮುಚ್ಚಳದ ಮೇಲೆ ಎಂಟು ದಿಕ್ಕಿಗೆ ಎಂಟು ಹಲಸಿನ ಎಳೆ, ಪ್ರತಿ ಎಳೆಯ ತುದಿಗೆ ಹಿತ್ತಾಳೆಯ ಚುಕ್ಕಿ, ನಡುವೆ ಹಿತ್ತಾಳೆಯದೇ ಹೂವು. ಎದುರಿಗೆ ಆ ಒಂಟಿ ಎಳೆ, ಅದರ ನೆತ್ತಿಗೊಂದು ಪಾದಕ್ಕೊಂದು ಚುಕ್ಕಿ. ಮೃಗಶಿರೆ ಮಳೆ ಹಿಡಿಯುವ ಹೊತ್ತಿಗೆ ಕೆಲಸ ಮುಗಿದಿತ್ತು. ಗಂಗಿ ಅದನ್ನು ನೋಡಿ ಸೆರಗಿಗೆ ಕೈ ಒರೆಸಿಕೊಂಡೇ ಮುಟ್ಟಿದಳು. ಜಟ್ಟಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಪೆಟ್ಟಿಗೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟು, ತಾಂಡೇಲರು ಬರುವ ದಾರಿ ಕಾಯತೊಡಗಿದ.

ಆರಿದ್ರಾ ಮಳೆಯ ನಡುವೆ ಒಂದು ಬೆಳಿಗ್ಗೆ, ಒಮ್ಮೆ ನೋಡೋಣವೆಂದು ಸೀರೆ ಬಿಚ್ಚಿದರೆ, ಅಯ್ಯೋ, ಹಿತ್ತಾಳೆಯ ಒಂದೊಂದು ಚುಕ್ಕಿಗೂ ಕಿಲುಬು. ಬರೀ ಕಿಲುಬಲ್ಲ, ಹಸಿರು ನೀರು ಬಿಟ್ಟು ಅದು ಹಲಸಿನ ಎಳೆಗಳೊಳಗೆ ಇಳಿದಿತ್ತು. ಹಳದಿ ಇದ್ದ ಎಳೆ ಬಸಳೆ ಬಳ್ಳಿಯಾಗಿತ್ತು. ಹಲಗೆಯ ಅಂಚಿನಲ್ಲಿ ಬಿಳಿ ಬಿಳಿ ಹುಡಿ.

ಜಟ್ಟಿ ಹುಣಿಸೆ ಹಣ್ಣು ತಂದು ತಿಕ್ಕಿದ. ಚುಕ್ಕಿ ಬಂಗಾರದ ಹಾಗೆ ಹೊಳೆಯಿತು. ಮೂರು ದಿನಕ್ಕೆ ಮತ್ತೆ ಹಸಿರು. ಬೂದಿಯಲ್ಲಿ ತಿಕ್ಕಿದ, ಎಣ್ಣೆ ಸವರಿದ. ಐದು ದಿನಕ್ಕೆ ಮತ್ತೆ ಅದೇ ಹಾಡು. ಮಳೆಗಾಲದ ತಂಡಿ ಎಂದುಕೊಂಡ. ಆದರೆ ಮನೆಯ ಹಿತ್ತಾಳೆ ತಂಬಿಗೆ ಅದೇ ತಂಡಿಯಲ್ಲಿ ಸುಮ್ಮನೆ ಕೂತಿತ್ತಲ್ಲ!

ಗಂಗಿ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಅಂಚಿನ ಬಿಳಿ ಹುಡಿಯನ್ನು ಬೆರಳಿನಿಂದ ಒರೆಸಿ ನಾಲಿಗೆಗೆ ಹಚ್ಚಿದಳು. ದಿನಕ್ಕೆ ನೂರು ಮೀನಿಗೆ ಉಪ್ಪು ಹಾಕುವವಳು ಅವಳು.

"ಇದು ಉಪ್ಪು," ಎಂದಳು. "ನಿಮ್ಮ ಹಲಗೆ ಒಣ ಮೀನಿನ ಹಾಂಗೆ ಉಪ್ಪು ಕುಡದದೆ. ಎಲ್ಲಿ ಇಟ್ಟಿದ್ರಿ ಇದನ್ನ?"

ಜಟ್ಟಿ ಹಣೆ ಬಡಿದುಕೊಂಡ. ಎಲ್ಲಿ ಇಟ್ಟಿದ್ದ? ಸುಂಕಸಾಳದ ಕಡೆಯಿಂದ ಗಾಡಿಯಲ್ಲಿ ಬಂದ ಆ ಬೀಟೆ ತುಂಡನ್ನು ಎಲ್ಲಿ ಇಡಬೇಕೋ ಅಲ್ಲೇ ಇಟ್ಟಿದ್ದ: ಹಳ್ಳ ಸಮುದ್ರ ಸೇರುವ ಕಡೆಯ ಕೆಸರಿನಲ್ಲಿ, ಒಂದು ವರ್ಷ ಹೂತು. ದೋಣಿ ಕಟ್ಟುವವರು ಹಾಗೇ ಮಾಡುವುದು. ಉಪ್ಪು ನೀರಿನ ಕೆಸರಲ್ಲಿ ಮಲಗಿದ ಮರ ಸೀಳುವುದಿಲ್ಲ, ಹುಳ ಮುಟ್ಟುವುದಿಲ್ಲ. ಅಪ್ಪ ಹಾಗೆ ಮಾಡಿದ್ದ, ಅಜ್ಜ ಹಾಗೆ ಮಾಡಿದ್ದ. ಕದ್ವಾಡದ ಮೇಸ್ತರು ಬೀಟೆಯನ್ನು ನೀರಿಗೆ ತೋರಿಸದೆ ಅಟ್ಟದ ಮೇಲೆ ಒಣಗಿಸುವುದನ್ನು ನಾಲ್ಕು ವರ್ಷ ನೋಡಿದ್ದ; ನೋಡಿ, ಪಾಪ, ಇವರಿಗೆ ಮರದ ವಿಷಯ ನಮ್ಮಷ್ಟು ತಿಳಿಯದು ಎಂದು ಒಳಗೊಳಗೇ ನಕ್ಕಿದ್ದ. ಈಗ ನಗು ಯಾರದು?

ಬೀರಾನಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಮಳೆಗೆ ಗೊರಬು ಹೊದ್ದು ಬಂದ. ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದ. ಆಶ್ಚರ್ಯವೆಂದರೆ, ನಗಲಿಲ್ಲ.

"ಭಾವಾ, ಇದಕ್ಕೆ ಯಂತಕೆ ಮುಖ ಬಾಡಿಸ್ಕಂಡು ಕೂತೆ?" ಎಂದ. "ಹುಣ್ಣಿಮೆ ಹಿಂದಿನ ದಿನ ಹುಣಿಸೆ ಹಾಕಿ ತಿಕ್ಕು, ಹಸಿರಾದ ಎಳೆ ಕಿತ್ತು ಹೊಸದು ಕೂರ್ಸು. ಲಕಲಕ ಅಂತಿದ್ದಾಗ ಕೊಟ್ಬಿಡು. ಮತ್ತೆ ಕಿಲುಬು ಹಿಡಿಯೋ ಹೊತ್ತಿಗೆ ತಾಂಡೇಲ ಮುಂಬಯಿ ಹತ್ರ ಇರ್ತ. ಸಮುದ್ರದ ಗಾಳಿ, ಹಿತ್ತಾಳೆ ಹಸಿರಾಯ್ತು ಅಂದ್ಕೊಳ್ತ. ಯಾರು ಕೇಳ್ತ್ರು ನಿನ್ನ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಜಟ್ಟಿಗೆ ಒಂದು ಗಳಿಗೆ ಎದೆ ಹಗುರಾಯಿತು. ಹೌದಲ್ಲ, ಯಾರು ಕೇಳುತ್ತಾರೆ? ಹಾಗೆ ಮಾಡಿದರೆ ಗಿರಾಕಿ ಉಳಿಯಿತು, ಮಾತು ಉಳಿಯಿತು, ದಂಡೆ ಉಳಿಯಿತು. ಆಮೇಲೆ ಅವನ ಕಣ್ಣು ಪೆಟ್ಟಿಗೆಯ ಒಳಗೆ ಹೋಯಿತು. ಅಲ್ಲೂ ಬಿಳಿ ಹುಡಿ ಬೆವರಿತ್ತು. ನಾಳೆ ಹೋಕಾದ ಬಟ್ಟಲು ಕೂರುವುದು ಅಲ್ಲೇ. ಸೂಜಿ ಕೂರುವ ಮೊನೆಯೂ ಹಿತ್ತಾಳೆಯದೇ. ಅದಕ್ಕೆ ಕಿಲುಬು ಹತ್ತಿ ಸೂಜಿ ಕಚ್ಚಿಕೊಂಡರೆ, ಮೇಲಿಂದ ಮೋಡ ಇಳಿದರೆ, ಹದಿನಾಲ್ಕು ಜನ ಹದಿನಾಲ್ಕು ಮಾತು ಹೇಳುತ್ತಾ ಹೊರಸಮುದ್ರಕ್ಕೆ ಹೋಗುತ್ತಾರೆ.

"ಆಗೂದಿಲ್ಲ ಭಾವಾ," ಎಂದ. "ದಿಕ್ಕು ತಪ್ಪೂದು ಅಂದ್ರೆ ಎಂತದು ಅಂತ ನಂಗೊತ್ತದೆ. ನಿನ್ನ ದೋಣಿ ಬೇಕಾದ್ರೆ ಹತ್ತತೆ. ಇದನ್ನ ಹಿಂಗೆ ಕೊಡೂದಿಲ್ಲ."

ಬೀರಾ ಬಾಯಿ ತೆರೆದವನು ಹಾಗೇ ಮುಚ್ಚಿದ. ಅವನ ಮಟ್ಟಿಗೆ ಅದೊಂದು ಘಟನೆಯೇ.

ಅಂದೇ ಜಟ್ಟಿ ಪೆಟ್ಟಿಗೆಯ ಗೂಟಗಳನ್ನು ಬಡಿದು ಕಳಚಿದ. ಚುಕ್ಕಿ, ಹೂವು, ಎಳೆ ಎಲ್ಲವನ್ನೂ ಉಳಿಯ ತುದಿಯಿಂದ ಎಬ್ಬಿಸಿ ತೆಗೆದ. ಒಂದು ತಿಂಗಳ ಕೆಲಸ ಒಂದು ಮೊರದಲ್ಲಿ ಹಿಡಿಯಿತು. ಕಣ್ಣಲ್ಲಿ ನೀರು ಬಂತು, ಬಂದದ್ದನ್ನು ಅವನು ಮುಚ್ಚಿಡಲಿಲ್ಲ. ಗಂಗಿ ಮಾತ್ರ ಆಗಲೇ ಮುಂದಿನ ಕೆಲಸ ನೋಡುತ್ತಿದ್ದಳು.

"ಒಣ ಮೀನು ಸಾರಿಗೆ ಹಾಕೋ ಮೊದ್ಲು ಎಂತ ಮಾಡ್ತೆ ನಾನು? ಮೂರು ಸಲ ಸಿಹಿ ನೀರಾಗೆ ನೆನೆ ಹಾಕ್ತೆ. ಉಪ್ಪು ಬಿಡ್ತದೆ. ಮೀನಿಗೆ ಬಿಟ್ಟ ಉಪ್ಪು ಮರಕ್ಕೆ ಬಿಡೂದಿಲ್ವಾ? ಆಕಾಶದಿಂದ ಸಿಹಿ ನೀರು ಪುಕ್ಕಟೆ ಬೀಳ್ತಾ ಅದೆ."

ಹೀಗೆ ಬೀಟೆಯ ಆರು ಹಲಗೆಗಳು ಸೂರಿನ ನೀರು ಧೋ ಎಂದು ಸುರಿಯುವ ಕಡೆ ಸಾಲಾಗಿ ಮಲಗಿದವು. ಹೊಳೆವ ಬೀಟೆಯನ್ನು ಪುನರ್ವಸು ಮಳೆಗೆ ಹಾಕಿ ನೆನೆಸುವ ಬಡಗಿಯನ್ನು ಕೇರಿ ಈ ಮೊದಲು ಕಂಡಿರಲಿಲ್ಲ. "ದಂಡೆ ಜಟ್ಟಿಗೆ ಮಳೆ ನೀರು ಅಂದ್ರೆ ಹೆದರ್ಕಿ ಇಲ್ಲ ಕಾಣ್ತದೆ" ಎಂದು ಉದ್ದ ಜಟ್ಟಿ ನಕ್ಕ. ಇದೂ ಸಾಲದು ಎಂಬಂತೆ ನಾಲ್ಕನೆಯ ದಿನ ತುಳಸಿದಾಸ ತಾಂಡೇಲರೇ ಕೊಡೆ ಹಿಡಿದು ಬಂದರು.

"ನನ್ನ ಪೆಟ್ಟಿಗೆ ಎಲ್ಲಿ?"

ಜಟ್ಟಿ ಸೂರಿನ ಕಡೆ ಕೈ ತೋರಿಸಿದ. "ನೆನೀತಾ ಅದೆ, ತಾಂಡೇಲರೆ."

ತಾಂಡೇಲರ ಮುಖ ಮೊದಲು ಬೆಳ್ಳಗಾಗಿ ಆಮೇಲೆ ಕೆಂಪಾಯಿತು. ಹದಿನಾಲ್ಕು ಜನರ ಮೇಲೆ ಅಧಿಕಾರ ನಡೆಸುವ ಗಂಟಲು, ಮಳೆಯ ಸದ್ದನ್ನು ಮೀರಿ ಏರಿತು. "ತಲೆ ಸರಿ ಅದ್ಯೋ ಇಲ್ವೋ ನಿಂಗೆ! ಎರಡು ತಿಂಗಳು ಕಾದದ್ದು ಇದಕ್ಕಾ? ಮುಂಬಯಿಯಾಗೆ ಇಂಥಾ ಪೆಟ್ಟಿಗೆ ದಾರಿ ದಾರಿಗೆ ಸಿಗ್ತದೆ!"

ಜಟ್ಟಿ ತಪ್ಪನ್ನು ಒಂದೂ ಬಿಡದೆ ಹೇಳಿದ. ಕೆಸರಲ್ಲಿ ಹೂತದ್ದು, ಮೇಸ್ತರ ಬಗ್ಗೆ ನಕ್ಕದ್ದು, ಉಪ್ಪು, ಕಿಲುಬು. ಬೀರಾ ಹೇಳಿದ ಉಪಾಯವನ್ನೂ ಹೇಳಿದ, ಹೆಸರು ಮಾತ್ರ ಹೇಳಲಿಲ್ಲ. ಮೊರದಲ್ಲಿದ್ದ ಹಸಿರು ಎಳೆಗಳನ್ನು ತಂದು ತೋರಿಸಿದ. ತಾಂಡೇಲರು ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಗಂಟಲು ಸ್ವಲ್ಪ ಇಳಿಯಿತು.

"ಕೇಳಿಲ್ಲಿ. ಮರದ ಉಪ್ಪು ನೀ ತೊಳೀತೆ. ಸಮುದ್ರದ ಉಪ್ಪು ಯಾರು ತೊಳೀತ್ರು? ನನ್ನ ಪೆಟ್ಟಿಗೆ ಇರೂದೇ ಅದರೊಳಗೆ. ನಿನ್ನ ಹಿತ್ತಾಳೆ ಅಲ್ಲಿ ಮತ್ತೆ ಹಸಿರಾಗೂದಿಲ್ವಾ? ಹುಣ್ಣಿಮೆ ದಿನ ಬರ್ತೆ. ಸರಿ ಇದ್ರೆ ತಕ್ಕಂಡು ಹೋಗ್ತೆ. ಇಲ್ಲಾಂದ್ರೆ ನನ್ನ ಹೋಕಾ ನಂಗೆ ಕೊಟ್ಬಿಡು." ಕೊಡೆ ಬಿಚ್ಚಿ ಹೊರಟೇಹೋದರು.

ಚುಕ್ಕಿ ಬಿಟ್ಟು ಬರೀ ಎಳೆ ಕೂರಿಸಬಹುದಿತ್ತು. ಆದರೆ ಎಳೆಯ ತುದಿಯನ್ನು ಹಿಡಿದು ನಿಲ್ಲಿಸುವುದೇ ಆ ಲೋಹದ ಚುಕ್ಕಿ. ಅದಿಲ್ಲದಿದ್ದರೆ ಅಲೆಯ ಏಟಿಗೆ, ಬಿಸಿಲಿಗೆ, ಎಳೆ ತುದಿಯಿಂದಲೇ ಏಳುತ್ತದೆ. ತಾಮ್ರ? ಅದೂ ಹಸಿರಾಗುವ ಜಾತಿಯೇ. ಬೆಳ್ಳಿ ಎಂದರೆ ಬಾಯಿಗೆ ಮಾತ್ರ ಬರುವ ವಸ್ತು. ಒಂದು ವಾರ ಅವನು ಹಲಗೆ ಮಗುಚುತ್ತಾ, ನೀರು ನೆಕ್ಕಿ ಉಪ್ಪು ನೋಡುತ್ತಾ, ತಲೆ ಕೆರೆದುಕೊಂಡ. ಎಂಟನೆಯ ದಿನ ನೀರು ಸಪ್ಪೆಯಾಯಿತು. ಹಲಗೆಗಳನ್ನು ಒಲೆಯ ಮೇಲಿನ ಅಟ್ಟಕ್ಕೆ, ದೂರ ದೂರ ಇಟ್ಟು ಏರಿಸಿದ. ಉತ್ತರ ಮಾತ್ರ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ತೋಡೂರಿನ ಕಡೆಯಿಂದ ಬಂದ ಕಲಾಯಿಯವನ ತಿದಿಯ ಸದ್ದಿನಲ್ಲಿ. ಮಳೆ ಒಂದು ದಿನ ಬಿಡುವು ಕೊಟ್ಟಿತ್ತು. ಕೇರಿಯ ಹೆಂಗಸರೆಲ್ಲ ಒಳಗೆ ಕಿಲುಬು ಹತ್ತಿದ ಪಾತ್ರೆಗಳನ್ನು ಎತ್ತಿಕೊಂಡು ಓಡಿದರು. ಗಂಗಿಯೂ ಹೋದಳು. ಅರ್ಧ ದಾರಿಯಿಂದ ಪಾತ್ರೆ ಸಮೇತ ವಾಪಸು ಓಡಿಬಂದಳು.

"ಇವ್ರೇ! ಹಿತ್ತಾಳೆ ಪಾತ್ರೆಗೆ ಕಿಲುಬು ಬಾರದೆ ಇರ್ಲಿ ಅಂತ ಒಳಗೆ ಎಂತ ಬಳೀತ್ರು? ಹುಳಿ, ಉಪ್ಪು, ಮೀನು ಸಾರು ಎಲ್ಲ ತಡೀತದೆ ಅದು. ನಾವು ದಿನಾ ಅದರಾಗೇ ಉಣ್ತೇವೆ, ನಿಮ್ಗೆ ಹೊಳೀಲಿಲ್ಲ!"

ತವರ! ಜಟ್ಟಿ ಎದ್ದವನು ಚಪ್ಪಲಿ ಇಲ್ಲದೆ ಓಡಿದ. ಕಲಾಯಿಯವನ ಹತ್ತಿರ ತವರದ ಕಡ್ಡಿಗಳಿದ್ದವು. ಎರಡು ಕಡ್ಡಿ ಕೊಡು, ನಿನ್ನ ತಿದಿಗೆ ಹೊಸ ಹಿಡಿ ಮಾಡಿಕೊಡುತ್ತೇನೆ ಎಂದ. ಅವನು ಸುತ್ತ ಕೂತ ಹೆಂಗಸರ ಮುಖ ನೋಡಿದ. "ಕೊಡಿ ಮಾರಾಯ್ರೆ, ಹುಚ್ಚು ಇಲ್ಲ ಅವ್ರಿಗೆ, ಬರೀ ಬಡಗಿ" ಎಂದು ಯಾರೋ ಹೇಳಿದ ಮೇಲೆ ಕೊಟ್ಟ.

ತವರ ಮೆತ್ತಗೆ. ಹಿತ್ತಾಳೆಯ ಹಾಗೆ ಹಟ ಮಾಡುವುದಿಲ್ಲ. ಜಟ್ಟಿ ಅದನ್ನು ಕಲ್ಲಿನ ಮೇಲೆ ಬಡಿದು ತೆಳ್ಳಗೆ ಮಾಡಿ ಚುಕ್ಕಿ ಕತ್ತರಿಸಿದ. ಆದರೆ ಮೆತ್ತಗಿದ್ದದ್ದರಿಂದಲೇ ಮೊದಲಿನ ಐದಾರು ಸುತ್ತಿಗೆಯ ಏಟಿಗೆ ಹಪ್ಪಳವಾದವು. ಆಮೇಲೆ ಕಬ್ಬಿಣದ ಸುತ್ತಿಗೆ ಬಿಟ್ಟು ಮರದ ಕೊಡತಿ ಹಿಡಿದ. ಚುಕ್ಕಿ ಕೂರುವ ಗುಂಡಿಯ ತಳವನ್ನು ಬಾಯಿಗಿಂತ ಸ್ವಲ್ಪ ಅಗಲ ಮಾಡಿದ. ಮೇಲಿಂದ ಮೆಲ್ಲಗೆ ತಟ್ಟಿದರೆ ತವರ ಹರಡಿ ತಳದಲ್ಲಿ ಕಚ್ಚಿಕೊಂಡು ಕೂರುತ್ತಿತ್ತು, ಸರೇಸು ಕೂಡ ಬೇಡ. ದೋಣಿಯ ಸಂದಿಯಲ್ಲಿ ಹತ್ತಿ ಕೂರುವುದೂ ಹಾಗೇ. ಇದನ್ನು ಅವನಿಗೆ ಕದ್ವಾಡದಲ್ಲಿ ಯಾರೂ ಕಲಿಸಿರಲಿಲ್ಲ. ಹಲಗೆ ಒಣಗಲು ಮೂರು ವಾರ ಹಿಡಿಯಿತು, ಒಂದು ಸ್ವಲ್ಪ ಸೊಟ್ಟಗಾಯಿತು, ಕೀಸುಳಿ ಹಾಕಿ ಸರಿಮಾಡಿದ. ಹಲಸಿನ ಹೊಸ ಎಳೆ, ತುದಿಗೆ ತವರದ ಚುಕ್ಕಿ. ಕಪ್ಪು ಮರದ ಮೇಲೆ ಚುಕ್ಕಿಗಳು ಆಗತಾನೆ ಬಲೆಯಿಂದ ತೆಗೆದ ಬಂಗುಡೆಯ ಹೊಟ್ಟೆಯ ಹಾಗೆ ಮಿನುಗಿದವು. ಹಿತ್ತಾಳೆಯದಕ್ಕಿಂತ ಇದೇ ಚಂದ ಎಂದು ಗಂಗಿ ಅಂದಳು. ಜಟ್ಟಿಗೂ ಹಾಗೇ ಅನ್ನಿಸಿತ್ತು, ಆದರೆ ಅವಳು ಮೊದಲು ಹೇಳಲಿ ಎಂದು ಕಾದಿದ್ದ. ಒಂದು ತುಂಡು ಬೀಟೆಗೆ ಎರಡು ತವರದ ಚುಕ್ಕಿ ಬಡಿದು ಉಪ್ಪು ಮೀನಿನ ಮಡಕೆಯೊಳಗೆ ಹತ್ತು ದಿನ ಹೂತಿಟ್ಟು ತೆಗೆದ. ವಾಸನೆ ಬಂತು, ಕಿಲುಬು ಬರಲಿಲ್ಲ.

ನೂಲ ಹುಣ್ಣಿಮೆ ಬಂತು. ಹೆಂಗಸರು, ಗಂಡಸರು, ಮಕ್ಕಳು ದಂಡೆಯಲ್ಲಿ ಸೇರಿ ಸಮುದ್ರಕ್ಕೆ ಹಾಲು ಎರೆದು ತೆಂಗಿನಕಾಯಿ ಬಿಟ್ಟರು. ದೋಣಿಗಳಿಗೆ ಕುಂಕುಮ, ಹೂವು. ತಾಂಡೇಲರ ಮಚವೆಯನ್ನು ಹಿಂದಿನ ದಿನವೇ ನೀರಿಗೆ ಇಳಿಸಿ ಸ್ವಲ್ಪ ದೂರದಲ್ಲಿ ಲಂಗರು ಹಾಕಿದ್ದರು. ಬೀರಾನ ದೋಣಿಯಲ್ಲಿ ನಾಲ್ಕನೆಯ ಹುಟ್ಟು ಖಾಲಿ ಮಲಗಿತ್ತು. ಜಟ್ಟಿ ಅದಕ್ಕೆ ಬೆನ್ನು ಹಾಕಿ ನಿಂತ.

ತಾಂಡೇಲರು ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಉಪ್ಪಿನ ಮಡಕೆಯಿಂದ ತೆಗೆದ ತುಂಡನ್ನು ಮೂಸಿ ಮುಖ ಕಿವುಚಿದರು. ಉಗುರಿನಿಂದ ಚುಕ್ಕಿ ಎಬ್ಬಿಸಲು ನೋಡಿದರು. ಅದು ಜಪ್ಪಯ್ಯ ಎನ್ನಲಿಲ್ಲ.

"ಕೆಲಸ ಬರೋಬರಿ ಅದೆ," ಎಂದರು. ಜಟ್ಟಿಯ ಉಸಿರು ಹೊರಗೆ ಬರುವ ಮೊದಲೇ ಮುಂದಿನ ಮಾತು ಬಂತು. "ಆದ್ರೆ ಎಳೆ ಮಚವೆಯ ಮೂತಿಗೆ ಸರಿ ನಿಂತದ್ಯಾ ಅಂತ ನೋಡ್ದೆ ನಾ ಒಪ್ಪೂದಿಲ್ಲ. ಮಾಡಿದವನೇ ಬಂದು ಕೂರಿಸ್ಬೇಕು. ನಡಿ, ಹತ್ತು."

ಮಚವೆ ಇದ್ದದ್ದು ನೀರಿನಲ್ಲಿ. ದಂಡೆಯಲ್ಲೇ ಉಳಿಯಬೇಕೆಂದು ಜಟ್ಟಿ ಮೂರು ತಿಂಗಳು ದುಡಿದಿದ್ದ. ಈಗ ಅದೇ ಕೆಲಸ ಅವನನ್ನು ದಂಡೆ ಬಿಡಿಸುತ್ತಿತ್ತು. ಬೇಡ ಎನ್ನಬಹುದಿತ್ತು. ಎಂದರೆ ಪೆಟ್ಟಿಗೆ ವಾಪಸು, ಆಮೇಲೆ ಆ ನಾಲ್ಕನೆಯ ಹುಟ್ಟು, ಇಂದು ಮಾತ್ರವಲ್ಲ, ಜೀವ ಇರುವ ತ‌ನಕ. ಅವನು ಗಂಗಿಯ ಕಡೆ ನೋಡಿದ. ಪೆಟ್ಟಿಗೆಯನ್ನು ಪಂಚೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು, ಬೀರಾನ ದೋಣಿಯ ಅಂಚು ದಾಟಿ ಒಳಗೆ ಕಾಲಿಟ್ಟ. ದೋಣಿ ಹತ್ತದೆ ಆರು ವರ್ಷವಾಗಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಬೀರಾ ಹುಟ್ಟು ಹಾಕಿದ, ಎಷ್ಟು ಮೆಲ್ಲಗೆ ಎಂದರೆ ತುಂಬು ಬಸುರಿಯನ್ನು ಕರೆದುಕೊಂಡು ಹೋಗುವವನ ಹಾಗೆ.

ಮಚವೆಯ ಮೇಲೆ, ಚುಕ್ಕಾಣಿಯ ಮುಂದೆ, ಹೋಕಾ ಕೂರಿಸಿ ಪೆಟ್ಟಿಗೆ ಇಟ್ಟರು. ಜಟ್ಟಿ ಹಿಂದಿನ ತುದಿಯಿಂದ ಮೂತಿಯವರೆಗೆ ನಡುವೆ ಒಂದು ದಾರ ಬಿಗಿದು ಕಟ್ಟಿಸಿದ. ಪೆಟ್ಟಿಗೆಯ ಎಳೆ ಆ ದಾರದ ಕೆಳಗೆ ಬರುವಂತೆ ಮಂಡಿಯೂರಿ ಕೂದಲು ಕೂದಲಾಗಿ ಸರಿಸಿದ. ಸೂಜಿ ಮಾತ್ರ ಹುಚ್ಚು ಹಿಡಿದಂತೆ ಆಡುತ್ತಿತ್ತು. ಅವನು ಬಗ್ಗಿದರೆ ಬಲಕ್ಕೆ, ಎದ್ದರೆ ಎಡಕ್ಕೆ. ತಾಂಡೇಲರ ಹುಬ್ಬು ಗಂಟಾಯಿತು. "ಮೊಳೆ ಹೊಡದಿದ್ಯೆ. ಹೌದೋ ಅಲ್ವೋ?"

"ಇಲ್ಲ ತಾಂಡೇಲರೆ, ದೇವರಾಣೆ ಒಂದೂ ಇಲ್ಲ!" ಎಂದು ಜಟ್ಟಿ ಮತ್ತೆ ಬಗ್ಗಿದ. ಸೂಜಿ ಮತ್ತೆ ಅವನ ಕಡೆಗೇ ತಿರುಗಿತು. ಅವನ ಕಡೆಗೆ! ಜಟ್ಟಿ ಸೊಂಟ ಮುಟ್ಟಿಕೊಂಡ. ಅಲ್ಲಿ ಉಳಿ ಸಿಕ್ಕಿಸಿಕೊಂಡಿದ್ದ, ಅಪ್ಪಟ ಕಬ್ಬಿಣದ್ದು. ಅದನ್ನು ಕಿತ್ತು ಕೆಳಗಿನ ದೋಣಿಯಲ್ಲಿದ್ದ ಬೀರಾನ ಕೈಗೆ ಕೊಟ್ಟು ಬಂದ. ಸೂಜಿ ಎರಡು ಸಲ ತೂಗಿ, ನಿಂತಿತು. ಎಳೆ ದಾರದ ಕೆಳಗೆ, ದಾರ ಮೂತಿಯ ನೇರಕ್ಕೆ. ತಾಂಡೇಲರು ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ನಕ್ಕರು. ಜಟ್ಟಿಯ ಬೆನ್ನಿಗೆ ಒಂದು ಏಟು ಬಿತ್ತು, ಅವನು ಮುಗ್ಗರಿಸಿ ಬೀಳುವಷ್ಟು ಪ್ರೀತಿಯದು. "ಕೂರ್ಸು, ಗೂಟ ಬಡಿ!"

ಪಕ್ಕದಲ್ಲಿ ಲಂಗರು ಹಾಕಿದ್ದ ಎರಡು ಮಚವೆಗಳವರು ಇದೆಲ್ಲವನ್ನೂ ಕತ್ತು ಚಾಚಿ ನೋಡುತ್ತಿದ್ದರು. ಅವರ ತಾಂಡೇಲರಿಬ್ಬರೂ ದೋಣಿ ಮಾಡಿಕೊಂಡು ಬಂದು ಪೆಟ್ಟಿಗೆಯ ಮೇಲೆ ಕೈಯಾಡಿಸಿದರು. ನಮಗೂ ಇಂಥದೇ ಬೇಕು, ನಾಳೆ ನಮ್ಮ ಮಚವೆಗೆ ಬಂದು ಅಳತೆ ತೆಗೆ ಎಂದರು.

ವಾಪಸು ಬರುವಾಗ ಬೀರಾ ಅರ್ಧ ದಾರಿಯಲ್ಲಿ ಹುಟ್ಟು ನಿಲ್ಲಿಸಿದ. ಆಮೇಲೆ, ಅಲೆಗಳ ಕಡೆ ನೋಡುತ್ತಾ, "ಆ ಜಾಗಕ್ಕೆ ನಾಳೆ ಬೇರೆ ಯಾರನ್ನಾದ್ರೂ ನೋಡ್ತೆ ಭಾವಾ" ಎಂದ. ಜಟ್ಟಿ ತಲೆಯಾಡಿಸಿದ.

ದಂಡೆಯಲ್ಲಿ ಗಂಗಿ ಮೊಣಕಾಲುದ್ದ ನೀರಿಗೆ ಬಂದು ನಿಂತಿದ್ದಳು. ಅವಳು ಸುತ್ತಲಿದ್ದವರಿಗೆ ಕೇಳಿಸದ ಹಾಗೆ ಕೇಳಿದಳು, "ಹೆದರ್ಕಿ ಆಯ್ತಾ?"

"ಆಯ್ತೇ ಮಾರಾಯ್ತಿ, ಭಾಳ ಆಯ್ತು," ಎಂದ ಜಟ್ಟಿ. "ಬುತ್ತಿ ಕಟ್ಟಿಕೊಡು. ನಾಳೆ ಮತ್ತೆ ಹೋಗ್ಬೇಕು."